ಹೆಲಿಕಾಪ್ಟರಿಗೂ ಬೇಕು ಗಟ್ಟಿ ನೆಲ
ವಿಮಾನ ನಿಲ್ದಾಣವಿಲ್ಲದ ಕಡೆ ಸುರಕ್ಷಿತವಾಗಿ ಇಳಿಯುವ ಪ್ರಶ್ನೆ

2025ರ ಅಕ್ಟೋಬರ್ 22ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಶಬರಿಮಲೆ ಅಯ್ಯಪ್ಪ ಸ್ವಾಮಿಯ ದರ್ಶನಕ್ಕೆ ತೆರಳಿದಾಗ ನಡೆದ ಘಟನೆಯೊಂದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಹವಾಮಾನದ ಕಾರಣ ಮೊದಲು ಗೊತ್ತುಪಡಿಸಿದ್ದ ನಿಲಯ್ಕಲ್ ಬದಲು ಪತ್ತನಂತಿಟ್ಟ ಜಿಲ್ಲೆಯ ಪ್ರಮಾಡಂ ಕ್ರೀಡಾಂಗಣದಲ್ಲಿ ಅವರ ಹೆಲಿಕಾಪ್ಟರ್ ಇಳಿಯಿತು. ಅವಸರದಲ್ಲಿ ಹಾಕಿದ್ದ ಕಾಂಕ್ರೀಟು ಇನ್ನೂ ಗಟ್ಟಿಯಾಗಿರಲಿಲ್ಲ. ಚಕ್ರಗಳು ಅದರಲ್ಲಿ ಹೂತುಕೊಂಡವು. ರಾಷ್ಟ್ರಪತಿಯವರಿಗೆ ಏನೂ ಆಗಲಿಲ್ಲ, ಅವರು ರಸ್ತೆ ಮಾರ್ಗವಾಗಿ ಪಂಪೆಗೆ ಹೊರಟರು. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿ ಸೇರಿ ಹೆಲಿಕಾಪ್ಟರನ್ನು ಕೈಯಿಂದ ತಳ್ಳಿ ಸರಿಪಡಿಸಬೇಕಾಯಿತು.

ಅನೇಕರು ನಕ್ಕು ಮರೆತುಬಿಟ್ಟ ಈ ಘಟನೆ ವಾಸ್ತವದಲ್ಲಿ ನಗುವ ವಿಷಯವಲ್ಲ. ದೇಶದ ಪ್ರಥಮ ಪ್ರಜೆಯ ಹೆಲಿಕಾಪ್ಟರಿಗೇ ಹಸಿ ಕಾಂಕ್ರೀಟು ಗತಿಯಾದರೆ, ಕೇದಾರ ಯಾತ್ರೆಗೆ ಹೊರಟ ಸಾಮಾನ್ಯ ಭಕ್ತನ ಪಾಡೇನು? ಗುಡ್ಡಗಾಡಿನ ಊರಿನಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದ ರೋಗಿಯ ಪಾಡೇನು?

ಬಯಲಿದ್ದರೆ ಸಾಲದು

ಹೆಲಿಕಾಪ್ಟರಿಗೆ ರನ್‌ವೇ ಬೇಡ, ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತದೆ, ಆದ್ದರಿಂದ ಶಾಲೆಯ ಮೈದಾನವೋ ಕೊಯ್ಲಾದ ಗದ್ದೆಯೋ ಇದ್ದರೆ ಸಾಕು ಎಂಬುದು ಜನಸಾಮಾನ್ಯರ ತಿಳುವಳಿಕೆ. ಇದು ಅರ್ಧ ಸತ್ಯ ಮಾತ್ರ. ವಿಮಾನ ನಿಲ್ದಾಣದಲ್ಲಿ ಇಳಿಯುವ ಪೈಲಟನಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ದೂರದವರೆಗೆ ಕಾಣುತ್ತದೆ ಎಂದು ಹೇಳುವವರಿದ್ದಾರೆ. ಸುತ್ತಲಿನ ಕಟ್ಟಡ, ಕಂಬಗಳ ಎತ್ತರಕ್ಕೆ ಮಿತಿಯಿದೆ. ಅಗ್ನಿಶಾಮಕ ವಾಹನ ಸದಾ ಸಿದ್ಧವಾಗಿರುತ್ತದೆ. ಬಯಲಿನಲ್ಲಿ ಇಳಿಯುವವನಿಗೆ ಇದಾವುದೂ ಇಲ್ಲ. ಅಷ್ಟೂ ಕೆಲಸವನ್ನು ಅವನ ಕಣ್ಣು, ಅನುಭವ ಮತ್ತು ಕೆಳಗೆ ಜಾಗ ಸಿದ್ಧಪಡಿಸಿದವರ ಪ್ರಾಮಾಣಿಕತೆಯೇ ಮಾಡಬೇಕು.

ಇಳಿಯುವ ಜಾಗದ ಬಗ್ಗೆ ಪೈಲಟರು ನೋಡುವ ಅಂಶಗಳು ಮುಖ್ಯವಾಗಿ ಐದು: ವಿಸ್ತಾರ, ನೆಲದ ಗಟ್ಟಿತನ, ಇಳಿಜಾರು, ಸುತ್ತಲಿನ ಅಡೆತಡೆ ಮತ್ತು ಗಾಳಿ. ವಿಸ್ತಾರದ ವಿಷಯದಲ್ಲಿ ಹೆಲಿಕಾಪ್ಟರಿನ ಒಟ್ಟು ಉದ್ದದ ಎರಡು ಪಟ್ಟು ತೆರವಾದ ಜಾಗ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಕೇದಾರದಲ್ಲಿ ಹಾರುವ ಬೆಲ್ 407 ಮಾದರಿಗೆ ಇದು ಸುಮಾರು 25 ಮೀಟರ್ ಆದರೆ, ವಾಯುಪಡೆಯ ಎಂಐ-17ಕ್ಕೆ 50 ಮೀಟರ್ ಬೇಕು. ಎಂಐ-17ರ ಗರಿಷ್ಠ ತೂಕ 13 ಟನ್. ಇಷ್ಟು ಭಾರ ಮೂರು ಕಡೆಯ ಚಕ್ರಗಳ ಮೇಲೆ ಕೂರುವಾಗ ನೆಲ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಪ್ರಮಾಡಂ ತೋರಿಸಿಕೊಟ್ಟಿದೆ. ಒಂದು ಕಡೆಯ ಚಕ್ರ ಮಾತ್ರ ಹೂತುಕೊಂಡು, ಅದನ್ನು ಗಮನಿಸದೆ ಪೈಲಟ್ ಏರಲು ಹೊರಟರೆ ಹೆಲಿಕಾಪ್ಟರ್ ಮಗ್ಗುಲಿಗೆ ಉರುಳುವ ಅಪಾಯವೂ ಇದೆ.

ಧೂಳು, ತಂತಿ, ಬಿಸಿಲು

ನೆಲದ ಮೇಲಿನ ಕಸವೂ ಸಣ್ಣ ವಿಷಯವಲ್ಲ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇನ್ನೇನು ಇಳಿಯಬೇಕು ಎನ್ನುವಷ್ಟರಲ್ಲಿ, ಮೈದಾನದಲ್ಲಿದ್ದ ಪ್ಲಾಸ್ಟಿಕ್ ಹಾಳೆಗಳು ರೆಕ್ಕೆಯ ಗಾಳಿಗೆ ಮೇಲೆದ್ದು ಹಾರತೊಡಗಿದವು. ಅವು ರೋಟರಿಗೆ ಸುತ್ತಿಕೊಂಡರೆ ಅಥವಾ ಎಂಜಿನಿನೊಳಗೆ ಸೇರಿದರೆ ಅನಾಹುತ ಖಂಡಿತ. ಪೈಲಟ್ ತಕ್ಷಣ ಮೇಲಕ್ಕೇರಿಸಿ ಸುತ್ತು ಹಾಕಿದರು. ಕಸ ತೆಗೆದ ನಂತರವೇ ಇಳಿಸಿದರು. ಅಂದು ಆ ಪೈಲಟ್ ತೋರಿದ ಸಮಯಪ್ರಜ್ಞೆ ಪ್ರಶಂಸನೀಯ. ಆದರೆ ಕಸ ಗುಡಿಸುವ ಕೆಲಸ ಹೆಲಿಕಾಪ್ಟರ್ ಬರುವ ಮೊದಲೇ ಆಗಬೇಕಿತ್ತಲ್ಲವೇ?

2024ರ ಮೇ 3ರಂದು ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ರಾಜಕೀಯ ನಾಯಕಿಯೊಬ್ಬರನ್ನು ಕರೆದೊಯ್ಯಲು ಬಂದ ಹೆಲಿಕಾಪ್ಟರ್ ತಾತ್ಕಾಲಿಕ ಹೆಲಿಪ್ಯಾಡಿನಲ್ಲಿ ಇಳಿಯುವಾಗ ಎದ್ದ ಧೂಳಿನ ನಡುವೆ ವಾಲಿ ಬಿದ್ದಿತು. ಪೈಲಟ್ ಪಾರಾದದ್ದು ಅದೃಷ್ಟ. ಬೇಸಗೆಯ ಒಣ ಮೈದಾನದಲ್ಲಿ ಕೊನೆಯ ಕೆಲವು ಅಡಿಗಳಲ್ಲಿ ಧೂಳು ಎದ್ದರೆ ಪೈಲಟನಿಗೆ ನೆಲವೇ ಕಾಣದು. ತಾನು ಮುಂದೆ ಹೋಗುತ್ತಿದ್ದೇನೆಯೇ, ಪಕ್ಕಕ್ಕೆ ಜಾರುತ್ತಿದ್ದೇನೆಯೇ ಎಂಬುದೂ ತಿಳಿಯದು. ಹೆಲಿಪ್ಯಾಡಿಗೆ ಟ್ಯಾಂಕರಿನಲ್ಲಿ ನೀರು ಹಾಯಿಸುವುದು ಈ ಕಾರಣಕ್ಕೆ. ಇದನ್ನು ನಾಯಕರ ಬಟ್ಟೆಗೆ ಧೂಳು ತಾಗದಿರಲಿ ಎಂಬ ಓಲೈಕೆ ಎಂದು ತಿಳಿಯುವವರಿದ್ದಾರೆ.

ಎಲ್ಲಕ್ಕಿಂತ ಮೋಸಗಾರ ಶತ್ರು ತಂತಿ. ಮೇಲಿನಿಂದ ನೋಡುವವನಿಗೆ ಕಂಬ ಕಂಡೀತು, ತಂತಿ ಕಾಣುವುದಿಲ್ಲ. 2017ರ ಮೇ 25ರಂದು ಬೀದರ್ ಗಡಿಗೆ ಹೊಂದಿಕೊಂಡ ಲಾತೂರ್ ಜಿಲ್ಲೆಯ ನಿಲಂಗಾದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರ ಹೆಲಿಕಾಪ್ಟರ್ ಮೇಲೇರಿದ ಕೆಲವೇ ಕ್ಷಣಗಳಲ್ಲಿ ತಂತಿಗೆ ಸಿಲುಕಿ ನೆಲಕ್ಕಪ್ಪಳಿಸಿತು. ಅವರು ಪಾರಾದರು. 2025ರ ಮೇ 8ರಂದು ಉತ್ತರಕಾಶಿ ಜಿಲ್ಲೆಯ ಗಂಗ್ನಾನಿ ಬಳಿ ರಸ್ತೆಯ ಮೇಲೆ ಇಳಿಯಲು ಯತ್ನಿಸಿದ ಹೆಲಿಕಾಪ್ಟರಿನ ರೋಟರಿಗೆ ರಸ್ತೆಯುದ್ದಕ್ಕೂ ಎಳೆದಿದ್ದ ಕೇಬಲ್ ತಗುಲಿತು ಎಂದು ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಹೇಳಿದೆ. ಅಲ್ಲಿ ಅದೃಷ್ಟ ಇರಲಿಲ್ಲ. 6 ಮಂದಿ ಪ್ರಾಣ ಕಳೆದುಕೊಂಡರು.

ಬಿಸಿಲಿಗೂ ಇದರಲ್ಲಿ ಪಾಲಿದೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಿಮೆ. ಮರಾಠವಾಡ, ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್-ಮೇ ಮಧ್ಯಾಹ್ನದಲ್ಲಿ ಒಂದು ಹೆಲಿಕಾಪ್ಟರ್ ಬೆಳಗ್ಗಿನಷ್ಟು ತೂಕ ಎತ್ತಲಾರದು. ನಮ್ಮ ದೇಶದಲ್ಲಿ ಲೋಕಸಭಾ ಚುನಾವಣೆ ಬರುವುದೂ ಅದೇ ತಿಂಗಳುಗಳಲ್ಲಿ. ದಿನಕ್ಕೆ ಐದಾರು ಸಭೆ ಮುಗಿಸಬೇಕಾದ ನಾಯಕ, ಕೊನೇ ಗಳಿಗೆಯಲ್ಲಿ ಹತ್ತಲು ಬರುವ ಬೆಂಬಲಿಗ, ಸೂರ್ಯಾಸ್ತದ ಮೊದಲು ಹಿಂತಿರುಗಬೇಕಾದ ಪೈಲಟ್: ಈ ಮೂವರ ಅವಸರ ಒಟ್ಟಾದಾಗ ತೂಕದ ಲೆಕ್ಕ ಮಾಡುವವರು ಯಾರು?

ಸುತ್ತು ಹಾಕುವುದು ಏಕೆ?

ಮೈದಾನದಲ್ಲಿ ಸೇರಿದ ಜನ, ಹೆಲಿಕಾಪ್ಟರ್ ಎರಡು ಸುತ್ತು ಹಾಕಿದರೆ ನಾಯಕರು ಜನಸಾಗರ ನೋಡುತ್ತಿದ್ದಾರೆ ಎಂದು ಚಪ್ಪಾಳೆ ತಟ್ಟುವುದುಂಟು. ನೋಡುತ್ತಿರುವುದು ಪೈಲಟ್. ಮೊದಲು ಎತ್ತರದಿಂದ, ಬಳಿಕ ತಗ್ಗಿನಿಂದ ಜಾಗವನ್ನು ಪರೀಕ್ಷಿಸಿ, ಗಾಳಿಗೆ ಎದುರಾಗಿ ಬರುವ ದಾರಿ ಯಾವುದು, ಇಳಿಯಲಾಗದಿದ್ದರೆ ಮೇಲೇರಿ ಪಾರಾಗುವ ದಾರಿ ಯಾವುದು ಎಂದು ನಿರ್ಧರಿಸಿದ ಮೇಲೆಯೇ ಆತ ಇಳಿಯಬೇಕು.

ನೆಟ್ಟಗೆ ಕೆಳಗಿಳಿಯುವುದು ಹೆಲಿಕಾಪ್ಟರಿಗೆ ಸಾಧ್ಯವಿದ್ದರೂ ಕ್ಷೇಮವಲ್ಲ. ಮುಂದಕ್ಕೆ ವೇಗವಿಲ್ಲದೆ ಬೇಗ ಬೇಗ ಇಳಿದರೆ, ತನ್ನ ರೆಕ್ಕೆಯೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಯೊಳಗೆ ಅದು ಸಿಕ್ಕಿಕೊಳ್ಳುತ್ತದೆ. ಆಗ ಎಂಜಿನಿಗೆ ಎಷ್ಟು ಶಕ್ತಿ ಕೊಟ್ಟರೂ ಕುಸಿತ ನಿಲ್ಲುವುದಿಲ್ಲ. ಇದಕ್ಕಾಗಿಯೇ ಓರೆಯಾಗಿ, ನಿಧಾನವಾಗಿ ಬರಲು ಒಂದು ಕಡೆಯಾದರೂ ಮರ, ಕಂಬ, ಪೆಂಡಾಲು ಇಲ್ಲದ ತೆರವು ದಾರಿ ಬೇಕು. ವೇದಿಕೆಯ ಪಕ್ಕದಲ್ಲೇ, ನಾಲ್ಕೂ ಕಡೆ ಬ್ಯಾನರು ಕಟ್ಟಿದ ಜಾಗದಲ್ಲಿ ಹೆಲಿಪ್ಯಾಡ್ ಮಾಡಿಕೊಡಿ ಎಂದು ಒತ್ತಾಯಿಸುವ ಕಾರ್ಯಕರ್ತರು ತಿಳಿಯಬೇಕಾದ ಮಾತಿದು.

ಹಿಮಾಲಯ ಮತ್ತು ಕಡಲು

ಕೇದಾರನಾಥ ಇರುವುದು ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಜುಹೂ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ. ಕಿರಿದಾದ ಕಣಿವೆ, ನಿಮಿಷಗಳಲ್ಲಿ ಕವಿಯುವ ಮಂಜು, ಒಂದರ ಹಿಂದೆ ಒಂದು ಹೆಲಿಕಾಪ್ಟರ್. 2022ರ ಅಕ್ಟೋಬರ್ 18ರಂದು ಅಲ್ಲಿ 7 ಮಂದಿ ಮಡಿದರು. 2025ರ ಜೂನ್ 15ರ ಮುಂಜಾನೆ ಗೌರಿಕುಂಡದ ಬಳಿ ಮತ್ತೆ 7 ಮಂದಿ, ಅವರಲ್ಲಿ ಒಂದು ಹಸುಳೆಯೂ ಸೇರಿತ್ತು. ಅದೇ ಜೂನ್ 7ರಂದು ಯಾತ್ರಿಕರಿದ್ದ ಹೆಲಿಕಾಪ್ಟರೊಂದು ಹೆದ್ದಾರಿಯ ಮೇಲೆಯೇ ಇಳಿದು, ಅದರ ಬಾಲ ನಿಂತಿದ್ದ ಕಾರಿನ ಮೇಲೆ ಬಿದ್ದಿತು. ಯಾತ್ರಿಕರು ಬದುಕಿಕೊಂಡರು. ಅದಕ್ಕೂ ಮೊದಲು ಮೇ 17ರಂದು ರೋಗಿಯನ್ನು ತರಲು ಹೋದ ಋಷಿಕೇಶದ ಏಮ್ಸ್ ಆಸ್ಪತ್ರೆಯ ಹೆಲಿ ಆಂಬುಲೆನ್ಸ್ ಕೇದಾರನಾಥದ ಹೆಲಿಪ್ಯಾಡಿನ ಹತ್ತಿರ ಇಳಿಯುವಾಗ ಬಾಲ ಮುರಿದುಕೊಂಡಿತು.

ಇಷ್ಟೆಲ್ಲ ಆದ ಮೇಲೆ ಸರಕಾರ ಎಚ್ಚೆತ್ತಿತು. ಮಳೆಗಾಲದ ಬಿಡುವಿನ ನಂತರ 2025ರ ಸೆಪ್ಟೆಂಬರ್‌ನಲ್ಲಿ ಸೇವೆ ಪುನರಾರಂಭವಾಗುವಾಗ ಸಂಚಾರ ನಿಯಂತ್ರಣದ ಸಿಬ್ಬಂದಿ, ಹವಾಮಾನ ಸಿಬ್ಬಂದಿ, ನಿಯಂತ್ರಣ ಕೊಠಡಿಗಳ ವ್ಯವಸ್ಥೆ ಮಾಡಲಾಯಿತು. ವಿಮಾನ ನಿಲ್ದಾಣದಲ್ಲಿ ಇರುವುದನ್ನೇ ಕಣಿವೆಗೂ ಒಯ್ಯುವ ಪ್ರಯತ್ನವಿದು. ತಡವಾದರೂ ಸರಿಯಾದ ಹೆಜ್ಜೆ.

ಮುಂಬಯಿಗರಿಗೆ ಕಡಲಿನ ಉದಾಹರಣೆ ಇನ್ನೂ ಹತ್ತಿರದ್ದು. 1928ರಲ್ಲಿ ಆರಂಭವಾದ ಜುಹೂ ವಿಮಾನ ನೆಲೆಯಿಂದ ಬಾಂಬೆ ಹೈ ತೈಲಕ್ಷೇತ್ರಕ್ಕೆ ಒಎನ್‌ಜಿಸಿ ನೌಕರರನ್ನು ಹೊತ್ತ ಹೆಲಿಕಾಪ್ಟರುಗಳು ಹಾರುತ್ತಿರುತ್ತವೆ. ಅವು ಇಳಿಯುವುದು ನಾಲ್ಕೂ ಕಡೆ ನೀರಿರುವ ರಿಗ್ಗಿನ ಪುಟ್ಟ ಅಟ್ಟದ ಮೇಲೆ. 2022ರ ಜೂನ್ 28ರಂದು ಸಾಗರ್ ಕಿರಣ್ ರಿಗ್ಗಿನ ಸಮೀಪ ಹೆಲಿಕಾಪ್ಟರೊಂದು ಕಡಲಿಗೆ ಬಿದ್ದು, ಅದರಲ್ಲಿದ್ದ 9 ಮಂದಿಯಲ್ಲಿ 4 ಮಂದಿ ತೀರಿಕೊಂಡರು. ಉಳಿದವರು ಬದುಕಿದ್ದು ತೇಲುಬುಡ್ಡೆಗಳ ನೆರವಿನಿಂದ ಮತ್ತು ಬೇಗನೆ ಧಾವಿಸಿದ ರಕ್ಷಕರಿಂದ. ಅಪಾಯವನ್ನು ಪೂರ್ತಿ ನೀಗಲಾಗದ ಕಡೆಯೂ ಮುಂಚಿತ ಸಿದ್ಧತೆ ಜೀವ ಉಳಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಒಂದು ದಿನದ ಹೆಲಿಪ್ಯಾಡ್

ನಮ್ಮಲ್ಲಿ ನಡೆಯುವುದು ಹೀಗೆ: ಮಂತ್ರಿಗಳ ಪ್ರವಾಸ ಗೊತ್ತಾದ ಕೂಡಲೇ ಲೋಕೋಪಯೋಗಿ ಇಲಾಖೆ ಓಡಾಡುತ್ತದೆ. ನೆಲ ಸಮತಟ್ಟು ಮಾಡಿ, ಸುಣ್ಣದಿಂದ ವೃತ್ತ ಬರೆದು, ನಡುವೆ ಎಚ್ ಅಕ್ಷರ ಬರೆಯಲಾಗುತ್ತದೆ. ಮಂತ್ರಿಗಳು ಬಂದು ಹೋಗುತ್ತಾರೆ. ಮುಂದಿನ ಮಳೆಗೆ ಎಚ್ ಅಳಿಸಿಹೋಗುತ್ತದೆ. ಮುಂದಿನ ಪ್ರವಾಸಕ್ಕೆ ಬೇರೆ ಮೈದಾನ, ಬೇರೆ ಗುತ್ತಿಗೆ, ಮತ್ತೆ ಹೊಸ ಖರ್ಚು. ಖರ್ಚಿನ ಬಾಬ್ತು ಪ್ರತಿಸಲ ಬರೆಯಲ್ಪಡುತ್ತದೆ, ಆಸ್ತಿಯ ಪಟ್ಟಿಗೆ ಮಾತ್ರ ಏನೂ ಸೇರುವುದಿಲ್ಲ.

ಜಪಾನ್ ಬೇರೆ ದಾರಿ ಹಿಡಿದಿದೆ. ಅಲ್ಲಿ 2001ರಲ್ಲಿ ಆರಂಭವಾದ ವೈದ್ಯರ ಹೆಲಿಕಾಪ್ಟರ್ ಸೇವೆಗಾಗಿ ಶಾಲಾ ಮೈದಾನ, ಉದ್ಯಾನಗಳಂತಹ ಜಾಗಗಳನ್ನು ಮುಂಚಿತವಾಗಿಯೇ ಗುರುತಿಸಿ ಇಡಲಾಗಿದೆ. ಕರೆ ಬಂದೊಡನೆ ಸ್ಥಳೀಯ ಅಗ್ನಿಶಾಮಕ ಸಿಬ್ಬಂದಿ ಅಲ್ಲಿಗೆ ಹೋಗಿ, ಜನರನ್ನು ದೂರ ಸರಿಸಿ, ನೆಲಕ್ಕೆ ನೀರು ಹಾಯಿಸಿ ಕಾಯುತ್ತಾರೆ. ಆಂಬುಲೆನ್ಸ್ ಮತ್ತು ಹೆಲಿಕಾಪ್ಟರ್ ಅಲ್ಲಿ ಸಂಧಿಸುತ್ತವೆ.

ಇದು ನಮಗೇಕೆ ಸಾಧ್ಯವಿಲ್ಲ? ಪ್ರತಿ ತಾಲೂಕಿನಲ್ಲಿ ಒಂದೆರಡು ಮೈದಾನಗಳನ್ನು ಗುರುತಿಸಿ, ಸುತ್ತಲಿನ ಕಂಬ-ತಂತಿಗಳ ನಕ್ಷೆ ಮಾಡಿ, ತಂತಿಗಳಿಗೆ ಬಣ್ಣದ ಚೆಂಡು ಕಟ್ಟಿ, ಗಾಳಿಚೀಲ ನೆಟ್ಟು, ವರ್ಷಕ್ಕೊಮ್ಮೆ ಪರಿಶೀಲಿಸಿ ವಿವರವನ್ನು ಅಗ್ನಿಶಾಮಕ ಠಾಣೆಯಲ್ಲಿಟ್ಟರೆ, ಮಂತ್ರಿಗೂ ಅದೇ ಜಾಗ, ನೆರೆ ಬಂದಾಗ ಪರಿಹಾರ ಸಾಮಗ್ರಿಗೂ ಅದೇ ಜಾಗ, ರೋಗಿಗೂ ಅದೇ ಜಾಗ. ಮಕ್ಕಳ ಆಟಕ್ಕೆ ಅದರಿಂದ ಅಡ್ಡಿಯೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಹೆಲಿಕಾಪ್ಟರ್ ನೀತಿಯ ಜೊತೆ ಜಿಲ್ಲಾಡಳಿತಗಳಿಗೂ ಮಾರ್ಗದರ್ಶನ ನೀಡಲಾಗಿದೆ. ಅದು ಕಡತದಿಂದ ಮೈದಾನಕ್ಕೆ ಇಳಿಯಬೇಕಷ್ಟೆ.

ಊರಿನ ನೆನಪಿರುವ ಕರಾವಳಿಗರಿಗೆ ಇದರ ಮಹತ್ವ ಬೇಗ ಅರ್ಥವಾದೀತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಬರುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಉರುಳಿ 4 ಮಂದಿ ಸತ್ತಾಗ, ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. ಹೆಲಿಕಾಪ್ಟರ್ ಆಸ್ಪತ್ರೆಗೆ ಬದಲಿಯಾಗದು, ಜಡಿಮಳೆಯಲ್ಲಿ ಅದು ಹಾರಲೂ ಆಗದು ಎಂಬುದು ನಿಜ. ಆದರೆ ಹಾರಬಹುದಾದ ದಿನ ಇಳಿಯಲು ಜಾಗವಿಲ್ಲ ಎಂಬ ಕಾರಣಕ್ಕೆ ಒಂದು ಜೀವ ಹೋಗಬಾರದು.

ಯಾತ್ರಿಕರು ಗಮನಿಸಬೇಕಾದದ್ದು

ಮುಂಬಯಿ, ಪುಣೆಗಳಿಂದ ಪ್ರತಿವರ್ಷ ನಮ್ಮವರು ತಂಡ ಕಟ್ಟಿಕೊಂಡು ಚಾರ್‌ಧಾಮ್ ಯಾತ್ರೆಗೆ ಹೊರಡುತ್ತಾರೆ. ಅವರು ಕೆಲವು ವಿಷಯಗಳನ್ನು ನೆನಪಿಡುವುದು ಒಳ್ಳೆಯದು. ಟಿಕೆಟನ್ನು ಅಧಿಕೃತ ಐಆರ್‌ಸಿಟಿಸಿ ತಾಣದಲ್ಲೇ ಖರೀದಿಸಬೇಕು, ನಕಲಿ ತಾಣಗಳ ಹಾವಳಿ ವಿಪರೀತವಾಗಿದೆ. ತೂಕ ಕೇಳಿದರೆ ಸಂಕೋಚವಿಲ್ಲದೆ ಸರಿಯಾಗಿ ಹೇಳಬೇಕು, ಚೀಲದ ಭಾರ ಮುಚ್ಚಿಡಬಾರದು. ಹೆಲಿಕಾಪ್ಟರಿಗೆ ಯಾವಾಗಲೂ ಮುಂದಿನಿಂದ, ಪೈಲಟನ ಕಣ್ಣಿಗೆ ಬೀಳುವಂತೆ, ಸಿಬ್ಬಂದಿ ಕೈಮಾಡಿದ ಬಳಿಕ ತಲೆ ತಗ್ಗಿಸಿ ಹೋಗಬೇಕು. ಬಾಲದ ಕಡೆ ಅಪ್ಪಿತಪ್ಪಿಯೂ ಸುಳಿಯಬಾರದು. ಗಿರ್ರನೆ ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. 2023ರ ಏಪ್ರಿಲ್ 23ರಂದು ಕೇದಾರನಾಥದಲ್ಲಿ ಅದಕ್ಕೆ ಬಲಿಯಾದವರು ಉತ್ತರಾಖಂಡದ ನಾಗರಿಕ ವಿಮಾನಯಾನ ಪ್ರಾಧಿಕಾರದ ಅಧಿಕಾರಿಯೇ ಆಗಿದ್ದರು. ಟೊಪ್ಪಿ, ಶಾಲು, ಸೆರಗು ಹಾರದಂತೆ ಬಿಗಿಯಾಗಿ ಹಿಡಿದುಕೊಳ್ಳಬೇಕು.

ಇನ್ನೊಂದು ಮಾತು. ಮಂಜು ಕವಿದಿದೆ, ಇಂದು ಹಾರುವುದಿಲ್ಲ ಎಂದು ಪೈಲಟ್ ಹೇಳಿದರೆ ಅವನೊಡನೆ ಜಗಳಕ್ಕಿಳಿಯಬಾರದು. ಮುಂಬಯಿಗೆ ಮರಳುವ ರೈಲು ತಪ್ಪೀತು, ಆಫೀಸಿನ ರಜೆ ಒಂದು ದಿನ ಹೆಚ್ಚಾದೀತು. ಕೇದಾರನಾಥ ಅಲ್ಲೇ ಇರುತ್ತಾನೆ, ನಾಳೆಯೂ ದರ್ಶನ ಕೊಡುತ್ತಾನೆ.