ಮಗ್ಗದ ಕೆಳಗಿನ ಲಾಳಿ

ಯುಗಾದಿ ಕೂಟದ ದಿನ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಾಗ ನಿಮ್ಮಲ್ಲೊಬ್ಬಳು ಕೇಳಿದಳು: "ಆಂಟೀ, ನೇಯ್ತೀರಿ, ಸ್ವೆಟರ್ ಹಾಕ್ತೀರಿ, ಮನೆಯ ಅಡುಗೆ ನಿಮ್ಮದೇ, ಅದರ ಮೇಲೆ ಕಾಯಿಲೆ ನಾಯಿ ಬೇರೆ. ಎಲ್ಲಾನೂ ಹೇಗೆ ಬ್ಯಾಲೆನ್ಸ್ ಮಾಡ್ತೀರಿ?" ಪಂಕ್ತಿ ಕಾಯುತ್ತಿತ್ತು, ನಕ್ಕು ಮುಂದೆ ಹೋದೆ. ಮನೆಗೆ ಬಂದ ಮೇಲೆ ಆ ನಗು ಸುಳ್ಳು ಅನಿಸಿತು. ಮಾಡಲಿಲ್ಲ ಮಗಳೇ. ಒಮ್ಮೆ ಪೂರ್ತಿ ತಪ್ಪಿದ್ದೇನೆ. ಈ ಸಲದ ಪುಟದಲ್ಲಿ ಅದನ್ನೇ ಬರೆಯುತ್ತೇನೆ.

ನನ್ನ ತವರು ಇಳಕಲ್. ಅಲ್ಲಿ ನಮ್ಮ ಮನೆಯ ಮಗ್ಗ ನೆಲದೊಳಗಿನ ಗುಂಡಿ ಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ, ಆ ಸೆರಗಿಗೆ ಟೋಪ್ ತೆನಿ. ಕಂಡಿಕೆ ಸುತ್ತುವುದು, ಹಾಸಿಗೆ ಗಂಜಿ ಹಚ್ಚುವುದು ಅವ್ವನ ಪಾಲು. ಅದೂ ಒಲೆ, ದನ, ನಾವು ನಾಲ್ಕು ಮಕ್ಕಳು ಇವುಗಳ ನಡುವೆ. ಆದರೆ ಯಾರಾದರೂ ಕೇಳಿದರೆ ಸೀರೆ ನೇಯ್ದವನು ಅಪ್ಪ.

ಮದುವೆಯಾಗಿ ವಿಜಯವಾಡದ ಒನ್ ಟೌನಿಗೆ ಬಂದೆ. ಮನೆಯವರಿಗೆ ರೈಲ್ವೆ ಕೆಲಸ. ಒನ್ ಟೌನ್ ಎಂದರೆ ನಿಮಗೆ ಗೊತ್ತು: ಒಂದು ಕಡೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗಮ್ಮ, ಇನ್ನೊಂದು ಕಡೆ ವಸ್ತ್ರಲತದ ಬಟ್ಟೆ ಸಗಟು ಅಂಗಡಿಗಳು. ಬಟ್ಟೆಯ ಸಮುದ್ರದ ದಡದಲ್ಲಿ ಕೂತು ನಾನು ದಿನಕ್ಕೆ ಅರ್ಧ ಗಜ ನೇಯುವುದನ್ನು ಕಂಡು ಬೀದಿಯವರೆಲ್ಲ ನಕ್ಕಿದ್ದಾರೆ. ಬಾಡಿಗೆಯ ಮಹಡಿ ಮನೆಯಲ್ಲಿ ಗುಂಡಿ ತೋಡುವಂತಿಲ್ಲವಲ್ಲ, ಮರದ ಚೌಕಟ್ಟಿನ ಸಣ್ಣ ಮಗ್ಗ ಇಟ್ಟುಕೊಂಡೆ. ಇನ್ನು ಹೆಣಿಗೆ. ಮೇ ತಿಂಗಳಲ್ಲಿ ನಲವತ್ತನಾಲ್ಕು ಡಿಗ್ರಿ ಕಾಯುವ ಊರಿನಲ್ಲಿ ಉಲ್ಲನ್ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡುತ್ತಾನೆ. ಬೆಂಗಳೂರು, ಧಾರವಾಡದ ಕೂಸುಗಳಿಗೆ ಕುಲಾವಿ ಹಾಕುವುದು ನನ್ನ ಚಟ.

2011ರಲ್ಲಿ ಮಗಳು ಬಟ್ಟೆ ಅಂಗಡಿಗಳ ಹಿಂದಿನ ಸಂದಿಯಿಂದ ಒಂದು ಬೀದಿ ನಾಯಿಮರಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದಳು. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಒಂದೇ ಸಮನೆ ಓಡುತ್ತಿತ್ತು. ಲಾಳಿ ಎಂದು ಹೆಸರಾಯಿತು. (ಮಗ್ಗ ನೋಡದವರಿಗೆ: ಹೊಕ್ಕಿನ ನೂಲು ಹೊತ್ತು ಅತ್ತಿಂದಿತ್ತ ಓಡುವ ದೋಣಿಯಾಕಾರದ ಸಾಧನವೇ ಲಾಳಿ.) ದೊಡ್ಡದಾದ ಮೇಲೆ ಅದರ ಜಾಗ ಮಗ್ಗದ ಕೆಳಗೆ, ನನ್ನ ಪಾದದ ಪಕ್ಕ.

2024ರ ಮೇ. ತಂಗಿಯ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ತೊಟ್ಟಿಲಿಗೆ ಹಾಸುವ ಬಟ್ಟೆ ನಾನೇ ನೇಯ್ದು ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ದಿನ ಹತ್ತಿರ ಬಂತು. ಲಾಳಿ ಆ ತಿಂಗಳು ಬಹಳ ನೀರು ಕುಡಿಯುತ್ತಿತ್ತು. ಬಟ್ಟಲು ದಿನಕ್ಕೆ ಮೂರು ಸಲ ಖಾಲಿ. ಸೆಖೆ ಅಂದುಕೊಂಡೆ. ರಾತ್ರಿ ಎರಡೆರಡು ಸಲ ಹೊರಗೆ ಹೋಗಬೇಕೆಂದು ಬಾಗಿಲು ಕೆರೆಯುತ್ತಿತ್ತು. ವಯಸ್ಸು ಅಂದುಕೊಂಡೆ. ಆಮೇಲೆ ಊಟ ಬಿಟ್ಟಿತು. ಮುನಿಸು ಅಂದುಕೊಂಡೆ. ಮೂರು ದಿನ ಅದು ಮಗ್ಗದ ಕೆಳಗೆ ಮಲಗಿಯೇ ಇತ್ತು, ಮೂರು ದಿನ ಅದರ ತಲೆಯ ಮೇಲೆಯೇ ನಾನು ನೇಯ್ದೆ. ತುಳಿಯುವ ಹಲಗೆಗೆ ಅದರ ಬಾಲ ಸಿಕ್ಕೀತೆಂದು ಕಾಲಿನಿಂದ ಸರಿಸಿದ್ದೂ ನೆನಪಿದೆ.

ಬಟ್ಟೆ ಹೊತ್ತಿಗೆ ಸರಿಯಾಗಿ ಮುಗಿಯಿತು. ನಾಲ್ಕನೆಯ ದಿನ ಲಾಳಿಗೆ ಎದ್ದು ನಿಲ್ಲಲಾಗಲಿಲ್ಲ.

ಮೊದಲು ತೋರಿಸಿದ ಕಡೆ "ಮುದಿಯಾಯಿತಲ್ಲ, ಬಿಟ್ಟುಬಿಡಿ" ಎಂದರು. ಎರಡನೆಯ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ಸೋಲುತ್ತಿದೆ, ವಾಸಿಯಾಗುವುದಲ್ಲ, ಆದರೆ ನೋಡಿಕೊಂಡರೆ ದಿನ ತಳ್ಳಬಹುದು ಎಂದರು. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದೇ ಈ ಕಾಯಿಲೆಯ ಮೊದಲ ಗುರುತುಗಳಂತೆ. ಮೂತ್ರಪಿಂಡ ಮೂತ್ರವನ್ನು ಗಟ್ಟಿ ಮಾಡಲಾರದೆ ನೀರನ್ನೆಲ್ಲ ಹೊರಗೆ ಬಿಡುತ್ತದೆ, ನಾಯಿ ಆ ನಷ್ಟ ತುಂಬಲು ಕುಡಿಯುತ್ತದೆ. ಗುರುತು ಒಂದು ತಿಂಗಳು ನನ್ನ ಕಣ್ಣೆದುರು ಬಟ್ಟಲಿನಲ್ಲೇ ಇತ್ತು. ನಿಮ್ಮಲ್ಲಿ ನಾಯಿ ಸಾಕಿದವರಿದ್ದರೆ ನೀರಿನ ಬಟ್ಟಲಿನ ಮೇಲೆ ಕಣ್ಣಿಡಿ. ದ್ರಾಕ್ಷಿ ಹಾಕಿದ ಪಾಯಸ, ಪ್ರಸಾದ ಕೊಡಬೇಡಿ, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ನಮ್ಮ ನೋವಿನ ಮಾತ್ರೆಗಳೂ ಅಷ್ಟೇ. ಹೆಣೆಯುವವರು ನೂಲನ್ನು ಕೆಳಗೆ ಬಿಡಬೇಡಿ. ನುಂಗಿದ ದಾರ ಕರುಳನ್ನು ನೆರಿಗೆ ಹಿಡಿದಂತೆ ಸುರುಟಿಸಿ ಕೊಯ್ದುಬಿಡುತ್ತದೆ. ತುದಿ ಹಿಂದಿನಿಂದ ಹೊರಬಂದು ಕಂಡರೂ ಎಳೆಯದೆ ಆಸ್ಪತ್ರೆಗೇ ಒಯ್ಯಬೇಕು.

ಆಮೇಲೆ ಮನೆಯ ಕ್ರಮವೇ ಬದಲಾಯಿತು. ದಿನ ಬಿಟ್ಟು ದಿನ ಸಂಜೆ ಆರಕ್ಕೆ ಚರ್ಮದ ಕೆಳಗೆ ಸಲೈನ್. ವೈದ್ಯರೇ ಕಲಿಸಿದರು: ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಸೂಜಿ ಕೊಡುವುದು, ಅವರು ಬರೆದಷ್ಟೇ ಬಿಡುವುದು. ಬಾಟಲಿ ಎತ್ತರದಲ್ಲಿ ತೂಗಬೇಕಲ್ಲ, ಮನೆಯಲ್ಲಿ ಅದಕ್ಕೆ ತಕ್ಕ ಜಾಗ ಒಂದೇ, ಮಗ್ಗದ ಮೇಲಿನ ಅಡ್ಡಮರ. ಮನೆಯವರು ಲಾಳಿಯ ತಲೆ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಹೆಣೆಯುತ್ತ ಹನಿ ನೋಡುತ್ತೇನೆ.

ಮಗ್ಗ ಮಾತ್ರ ನಿಂತಿತು. ಹೆಣಿಗೆಗೂ ನೇಯ್ಗೆಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ತಿಳಿದದ್ದು ಆಗಲೇ. ಹೆಣಿಗೆಯನ್ನು ಸಾಲಿನ ನಡುವೆ ಬಿಟ್ಟು ಎದ್ದರೂ ಕಡ್ಡಿಯ ಮೇಲೆ ಕಾಯುತ್ತದೆ. ಆಸ್ಪತ್ರೆಗೆ ಬರುತ್ತದೆ, ರೈಲಿಗೆ ಬರುತ್ತದೆ. ಬಿಗಿದು ಕಟ್ಟಿದ ಹಾಸು ಹಾಗಲ್ಲ. ಅವ್ವ ಹೇಳುತ್ತಿದ್ದಳು, "ಹಾಸು ಕಾಯೂದಿಲ್ಲವ್ವಾ, ಅದಕ್ಕ ದಿನಾ ಮುಖಾ ತೋರಿಸಬೇಕು" ಎಂದು. ಎರಡು ತಿಂಗಳು ನಾನು ಮುಖ ತೋರಿಸಲಿಲ್ಲ. ಮಳೆ ಶುರುವಾಗಿ ಗಂಜಿ ಹಚ್ಚಿದ ಎಳೆಗಳಿಗೆ ಬೂಷ್ಟು ಹಿಡಿಯಿತು, ಒಂದು ಅಂಚನ್ನು ಜಿರಳೆ ತಿಂದಿತು. ಮಂಗಳಗಿರಿಯ ನೇಕಾರರೂ ಮಳೆಗಾಲದಲ್ಲಿ ಗುಂಡಿಗೆ ನೀರು ಬಂದರೆ ಮಗ್ಗ ನಿಲ್ಲಿಸುತ್ತಾರೆ, ಆದರೆ ಅವರಿಗೆ ಅದು ಅನ್ನದ ಪ್ರಶ್ನೆ, ನನಗೆ ಬರೀ ಹೊಟ್ಟೆಯುರಿ. ಹೈದರಾಬಾದಿನಿಂದ ಮಗಳು ಫೋನಿನಲ್ಲಿ, "ಅಮ್ಮಾ, ಮಗ್ಗ ಮಾರಿಬಿಡು. ಎಷ್ಟಕ್ಕೆ ಅಂತ ಬಡಿದಾಡ್ತೀಯ? ನೀನೇನು ಕೂಲಿಗೆ ನೇಯ್ತೀಯಾ?" ಎಂದಳು.

ಆ ಮಾತು ಚುಚ್ಚಿತು. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಸಾವಿರಾರು ಹೆಂಗಸರು ಕ್ರೋಶಾ ಲೇಸು ಹಾಕುತ್ತಾರೆ. ಕಲಿಸಿದವರು ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು. ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಅವರ ಮೇಲೆ 1982ರಲ್ಲಿ ಪುಸ್ತಕವನ್ನೇ ಬರೆದರು. ಆ ಹೆಂಗಸರು ಮನೆಗೆಲಸವೆಲ್ಲ ಮಾಡಿ, ಅದರ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು, ಅದು ಪರದೇಶಕ್ಕೆ ಹೋಗುತ್ತಿತ್ತು. ಆದರೂ ಊರಿನ ಲೆಕ್ಕದಲ್ಲಿ ಅವರು ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು, ಕೂಲಿಯೂ ಅದಕ್ಕೆ ತಕ್ಕಷ್ಟೇ. ನಮ್ಮ ದೇಶದ 2019–20ರ ಕೈಮಗ್ಗ ಗಣತಿ ಎಣಿಸಿದ ಮೂವತ್ತೈದು ಲಕ್ಷ ಚಿಲ್ಲರೆ ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅವ್ವ ಇದ್ದಿದ್ದರೆ ಆ ಲೆಕ್ಕದಲ್ಲಿ ಬರುತ್ತಿದ್ದಳೇನೋ. ಬದುಕಿದ್ದಾಗ ಯಾರೂ ಅವಳನ್ನು ನೇಕಾರಳು ಎನ್ನಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಕತ್ತರಿ ತೆಗೆದುಕೊಂಡು ಹಾಸನ್ನು ಕತ್ತರಿಸಿದೆ. ಉಳಿದಿದ್ದದ್ದು ಮೂರು ಗಜ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಆ ಸದ್ದು ಹೇಗೆ ಕೇಳಿಸಿತೆಂದು ಬರೆಯಲಾರೆ. ಮನೆಯವರು ಪಕ್ಕದಲ್ಲೇ ನಿಂತಿದ್ದರು. ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಎದ್ದು ನೋಡುತ್ತೇನೆ, ನಿವೃತ್ತರಾದ ಮೇಲೂ ಪೇಪರು ಬಿಟ್ಟು ಬೇರೇನೂ ಕೈಯಲ್ಲಿ ಹಿಡಿಯದವರು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಾರೆ! ಸುತ್ತಿದ್ದರಲ್ಲಿ ಅರ್ಧ ಸಡಿಲ, ಅರ್ಧ ಗಂಟು. ನಾನು ಬಿಚ್ಚಿ ಮತ್ತೆ ಸುತ್ತಿದೆ, ಅವರಿಗೆ ಹೇಳಲಿಲ್ಲ. ಈಗ ಪರವಾಗಿಲ್ಲ, ಕೈ ಕುದುರಿದೆ.

ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ಊರಿನ ಎಷ್ಟೋ ಭಾಗ ನೀರಿನಲ್ಲಿ ನಿಂತಾಗ ಸಲೈನ್ ಸಿಗದೆ ಎರಡು ಸರದಿ ತಪ್ಪಿತು. ಆ ವಾರ ನಾನು ಹೆಣಿಗೆಯನ್ನೂ ಮುಟ್ಟಲಿಲ್ಲ, ಬಟ್ಟಲ ನೀರು ಅಳೆಯುತ್ತ ಕೂತೆ. ಲಾಳಿ ತಾಳಿಕೊಂಡಿತು.

ಈಗ ಮಗ್ಗದ ಮೇಲೆ ಒಂದೂವರೆ ಗಜಕ್ಕಿಂತ ಉದ್ದದ ಹಾಸು ಕಟ್ಟುವುದಿಲ್ಲ. ಕೈಬಿಟ್ಟರೂ ನಷ್ಟ ಅಷ್ಟರಲ್ಲೇ. ಸೀರೆಯ ಆಸೆ ಬಿಟ್ಟಿದ್ದೇನೆ ಎಂದು ಹೇಳಲಾರೆ, ಸದ್ಯಕ್ಕೆ ಟವೆಲು, ಶಲ್ಯ. ಕೂರುವ ಮೊದಲು ಕೆಳಗೆ ಬಗ್ಗಿ ಲಾಳಿಯ ಒಸಡು ಎತ್ತಿ ನೋಡುತ್ತೇನೆ. ಅದಕ್ಕೆ ಬೇಸರವೇ, ಮುಖ ತಿರುಗಿಸುತ್ತದೆ.

ತೊಟ್ಟಿಲ ಬಟ್ಟೆಯನ್ನು ತಂಗಿ ಬಂದವರಿಗೆಲ್ಲ ತೋರಿಸುತ್ತಾಳಂತೆ. ಅಕ್ಕನ ಕೈಯಿಂದ ಇಷ್ಟು ನಯವಾದದ್ದು ಇನ್ನೊಂದು ಬಂದಿಲ್ಲ ಎನ್ನುತ್ತಾಳೆ. ನಿಜ. ಒಂದು ಎಳೆ ತಪ್ಪಿಲ್ಲ ಅದರಲ್ಲಿ. ಕಳೆದ ಸಲ ಹೋದಾಗ ಹರಡಿ ಕೊಟ್ಟಳು, ನಾನು ಮಡಚಿ ವಾಪಸ್ಸು ಕೊಟ್ಟೆ.

ಇನ್ನೂ ಬರೆಯುವುದಿತ್ತು. ಗಂಟೆ ಆರಾಗುತ್ತಿದೆ, ಮನೆಯವರು ಆಗಲೇ ಅಡ್ಡಮರಕ್ಕೆ ಬಾಟಲಿ ತೂಗುಹಾಕಿ "ಬರ್ತೀಯೇನು?" ಎಂದು ಕರೆಯುತ್ತಿದ್ದಾರೆ.