ಪ್ರಪೋಸಲ್ ಬರೆಯೋ ಕೆಲಸವನ್ನ ಬೇರೆಯವರ ಕೈಗೆ ಕೊಡಬೇಡಿ

ಊರಲ್ಲಿ ಹತ್ತಿಪ್ಪತ್ತು ಯುವ ರೈತರು ಸೇರಿ ಸಂಘ ಕಟ್ಟಿದ ಮೇಲೆ ಅನುದಾನದ ಮಾತು ಬಂದೇ ಬರುತ್ತೆ. ಆಗ ಕೇಳೋ ಮೊದಲ ಪ್ರಶ್ನೆ ಒಂದೇ: ‘ಪ್ರಪೋಸಲ್ ಬರೆದುಕೊಡೋರು ಯಾರಾದ್ರೂ ಗೊತ್ತಾ?’ ಗೊತ್ತಿರೋರು ಸಿಕ್ಕೇ ಸಿಗ್ತಾರೆ. ಮೊದಲೇ ಇಷ್ಟು, ಮಂಜೂರಾದ್ರೆ ಇಷ್ಟು ಪರ್ಸೆಂಟ್ ಅಂತ ಮಾತಾಗುತ್ತೆ. ಹದಿನೈದು ದಿನಕ್ಕೆ ನಲವತ್ತು ಪುಟದ ಫೈಲು ಬರುತ್ತೆ. ಅದರಲ್ಲಿ ಊರಿನ ಹೆಸರೊಂದು ಬಿಟ್ಟರೆ ನಮ್ಮದು ಅನ್ನೋದು ಏನೂ ಇರಲ್ಲ. ಪಕ್ಕದ ತಾಲ್ಲೂಕಿನ ಸಂಘದ ಫೈಲಲ್ಲೂ ಅದೇ ವಾಕ್ಯ, ಅದೇ ಯಂತ್ರದ ಪಟ್ಟಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಲೆಕ್ಕಪತ್ರಕ್ಕೆ ಸಿಎ ಇರಲಿ, ಇಂಗ್ಲಿಷಿಗೆ ಅನುವಾದ ಮಾಡೋಕೆ ಯಾರಾದ್ರೂ ಇರಲಿ. ಆದ್ರೆ ಪ್ರಪೋಸಲ್‌ನ ಒಳಗಿನ ವಿಚಾರವನ್ನು ಸಂಘದವರೇ ಕೂತು ಬರೆಯಬೇಕು. ಯಾಕಂದ್ರೆ ಪ್ರಪೋಸಲ್ ಅಂದ್ರೆ ಬರೀ ಹಣ ಕೇಳೋ ಅರ್ಜಿ ಅಲ್ಲ. ಮುಂದಿನ ಎರಡು–ಮೂರು ವರ್ಷ ನಾವು ಏನು ಮಾಡ್ತೀವಿ ಅಂತ ಕೊಡೋ ಮಾತು. ಮಾತು ಬೇರೆಯವರದ್ದು, ಉಳಿಸಿಕೊಳ್ಳೋ ಜವಾಬ್ದಾರಿ ನಮ್ಮದು ಅಂದ್ರೆ ಕಷ್ಟ ಶುರುವಾಗೋದೇ ಅಲ್ಲಿ.

ಮೊದಲು, ಯಾವ ಹಣ ಯಾರಿಗೆ?

ಅರ್ಧದಷ್ಟು ಶ್ರಮ ವ್ಯರ್ಥವಾಗೋದು ತಪ್ಪು ಬಾಗಿಲು ತಟ್ಟೋದ್ರಿಂದ. ಸಿಎಸ್‌ಆರ್ ಹಣವನ್ನೇ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಗ್ರಾಮೀಣಾಭಿವೃದ್ಧಿ, ಪರಿಸರ ಎರಡೂ ಅದರ ಪಟ್ಟಿಯಲ್ಲಿವೆ.

ಇದನ್ನು ಕೇಳಿ ನಮ್ಮ ಹುಡುಗರು ಎಫ್‌ಪಿಒ ಹೆಸರಲ್ಲಿ ಅರ್ಜಿ ಹಾಕ್ತಾರೆ. ಆದ್ರೆ ನಿಮ್ಮ ಎಫ್‌ಪಿಒ ಉತ್ಪಾದಕ ಕಂಪನಿಯಾಗಿ ನೋಂದಣಿಯಾಗಿದ್ರೆ, ಅನುಷ್ಠಾನ ಸಂಸ್ಥೆಯಾಗಿ ಆ ಹಣ ನೇರವಾಗಿ ನಿಮ್ಮ ಖಾತೆಗೆ ಬರಲ್ಲ. ಅದಕ್ಕೆ ಸೆಕ್ಷನ್ 8 ಕಂಪನಿ, ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ ಬೇಕು. ಅವುಗಳಿಗೆ 12ಎ, 80ಜಿ ನೋಂದಣಿ ಮತ್ತು ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ಫಾರಂ ತುಂಬಿ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. ಹಾಗಾಗಿ ನಿಮ್ಮ ದಾರಿ ಒಂದೇ: ಜಿಲ್ಲೆಯಲ್ಲಿ ಒಳ್ಳೆ ಹೆಸರಿರುವ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಅರ್ಜಿ ಹಾಕೋದು. ಯಾರು ಏನು ಮಾಡ್ತಾರೆ, ಕೊಂಡ ವಸ್ತು ಕೊನೆಗೆ ಯಾರ ಹೆಸರಲ್ಲಿ ಉಳಿಯುತ್ತೆ ಅನ್ನೋದನ್ನ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.

ಎಫ್‌ಪಿಒಗೆ ಬೇರೆ ಬಾಗಿಲುಗಳಿವೆ. 2020ರಲ್ಲಿ ಶುರುವಾದ 10,000 ಎಫ್‌ಪಿಒ ಯೋಜನೆಯಡಿ ಬಂದ ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ನೆರವು ಸಿಗುತ್ತೆ. ಅದರ ಜೊತೆಗೆ ಒಬ್ಬ ಸದಸ್ಯನಿಗೆ 2000 ರೂಪಾಯಿವರೆಗೆ, ಒಟ್ಟು 15 ಲಕ್ಷದ ಮಿತಿಯಲ್ಲಿ, ಷೇರು ಹಣಕ್ಕೆ ಸಮನಾದ ಅನುದಾನ ಇದೆ. ಅದೇ ವರ್ಷ ಬಂದ ಪಿಎಂಎಫ್‌ಎಂಇ ಆಹಾರ ಸಂಸ್ಕರಣಾ ಘಟಕಕ್ಕೆ. ಒಬ್ಬೊಬ್ಬರು ಹಾಕುವ ಘಟಕಕ್ಕೆ ಯೋಜನೆಯ ಸಹಾಯಧನ ವೆಚ್ಚದ 35%, ಗರಿಷ್ಠ 10 ಲಕ್ಷ. ಆದ್ರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡಿರೋದು, ಪುಕ್ಕಟೆ ಹಣ ಅಂದುಕೊಳ್ಳಬೇಡಿ. ನಬಾರ್ಡ್ ಕೆಲಸಗಳಿಗೆ ನಿಮ್ಮ ಜಿಲ್ಲೆ ನೋಡಿಕೊಳ್ಳುವ ಡಿಡಿಎಂ ಅವರನ್ನ ಮೊದಲು ಭೇಟಿ ಮಾಡಿ. ಯೋಜನೆಗಳ ನಿಯಮ ಬದಲಾಗ್ತಾ ಇರುತ್ತೆ, ಅರ್ಜಿ ಹಾಕೋ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ. ವಾಟ್ಸಾಪಲ್ಲಿ ಬಂದ ಫಾರ್ವರ್ಡ್ ನಂಬಬೇಡಿ.

ಯಂತ್ರದಿಂದ ಶುರು ಮಾಡಬೇಡಿ

ನಮ್ಮ ಕಡೆಯ ಪ್ರಪೋಸಲ್‌ಗಳು ಸಾಮಾನ್ಯವಾಗಿ ಶುರುವಾಗೋದು ‘ನಮ್ಮ ಸಂಘಕ್ಕೆ ಕೋಲ್ಡ್ ಸ್ಟೋರೇಜ್ ಬೇಕಾಗಿರುತ್ತದೆ’ ಅಂತ. ಓದುವವರಿಗೆ ಇದರಿಂದ ಏನೂ ಗೊತ್ತಾಗಲ್ಲ. ಯಾಕೆ ಬೇಕು? ಈಗ ಎಷ್ಟು ನಷ್ಟ ಆಗ್ತಿದೆ? ಯಾವ ಬೆಳೆಯಲ್ಲಿ, ಯಾವ ಹಂತದಲ್ಲಿ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. 24 ಜನ ಸಾವಯವ ತರಕಾರಿ ಬೆಳೆಗಾರರು. ಸಂಜೆ ಕಟಾವು ಮಾಡಿ ತಂದು ರಾಶಿ ಹಾಕ್ತಾರೆ, ಬೆಳಿಗ್ಗೆ 7 ಗಂಟೆಗೆ ಗಾಡಿ ಬರುತ್ತೆ. ಒಂದು ವಾರ ನೋಟ್‌ಬುಕ್ ಇಟ್ಟು ಬರೆದರು ಅಂದುಕೊಳ್ಳಿ. ಬಂದ ಮಾಲು 4,200 ಕೆಜಿ, ಕೊಳ್ಳುವವರು ವಾಪಸ್ ಹಾಕಿದ್ದು 630 ಕೆಜಿ, ಅಂದ್ರೆ 15%. ಕೆಜಿಗೆ ಸರಾಸರಿ 20 ರೂಪಾಯಿ ಹಿಡಿದರೂ ವಾರಕ್ಕೆ 12,600 ರೂಪಾಯಿ ನಷ್ಟ. ಇನ್ನೂ ಸ್ವಲ್ಪ ಕೆದಕಿದಾಗ ಗೊತ್ತಾಗೋದು ಏನು? ಹಾಳಾಗ್ತಿರೋದು ಮುಖ್ಯವಾಗಿ ಸೊಪ್ಪು ಮತ್ತು ಬೀನ್ಸ್. ಕಾರಣ ಗೋಣಿಚೀಲದಲ್ಲಿ ಒತ್ತಿ ತುಂಬೋದು, ಬಿಸಿಲಲ್ಲಿ ಇಳಿಸೋದು, ರಾತ್ರಿಯಿಡೀ ತಂಪಿಲ್ಲದೆ ಇಡೋದು.

ಈಗ ಹೇಳಿ, ಇದಕ್ಕೆ ಅರ್ಧ ಕೋಟಿಯ ಕೋಲ್ಡ್ ಸ್ಟೋರೇಜ್ ಬೇಕಾ? ನೆರಳಿನ ಒಂದು ಶೆಡ್, ಪ್ಲಾಸ್ಟಿಕ್ ಕ್ರೇಟು, ಜೊತೆಗೆ ಕರೆಂಟ್ ಬೇಡದ ಝೀರೋ ಎನರ್ಜಿ ಕೂಲ್ ಚೇಂಬರ್ ಸಾಕಾಗಬಹುದು. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಮರಳು, ಅದಕ್ಕೆ ದಿನಾ ನೀರು, ಅಷ್ಟೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಈ ವಿಧಾನ ಒಣಹವೆ ಇರೋ ಬಯಲುಸೀಮೆಗೆ ಒಗ್ಗುತ್ತೆ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗಾಳಿಯೇ ತೇವ ಇರೋದ್ರಿಂದ ಅಷ್ಟು ಕೆಲಸ ಮಾಡಲ್ಲ. ಈ ವ್ಯತ್ಯಾಸ ದೂರದ ಆಫೀಸಲ್ಲಿ ಕೂತು ಟೈಪ್ ಮಾಡೋರಿಗೆ ಹೊಳೆಯಲ್ಲ, ನಿಮಗೆ ಹೊಳೆಯುತ್ತೆ.

ನೋಡಿ, ಬರೆಯೋಕೆ ಕೂತಿದ್ದರಿಂದಲೇ ಬೇಡಿಕೆ ಬದಲಾಯ್ತು. ಬರವಣಿಗೆಯನ್ನ ಬೇರೆಯವರಿಗೆ ಕೊಟ್ಟರೆ ಈ ಯೋಚನೆಯನ್ನೂ ಕೊಟ್ಟಂಗೆ. ಆಮೇಲೆ ಕೋಲ್ಡ್ ಸ್ಟೋರೇಜ್ ಬರುತ್ತೆ, ಕರೆಂಟ್ ಬಿಲ್ಲೂ ಬರುತ್ತೆ, ಕೊನೆಗೆ ಬೀಗ ಬೀಳುತ್ತೆ.

ಬಜೆಟ್ ಅಂದ್ರೆ ನಂಬಿಕೆ

ಅದೇ ಉದಾಹರಣೆಯನ್ನ ಮುಂದುವರಿಸ್ತೀನಿ. ಶೆಡ್‌ಗೆ 1,80,000. ಕ್ರೇಟು 100, ತಲಾ 350ರಂತೆ 35,000. ಕೂಲ್ ಚೇಂಬರ್ 4, ತಲಾ 12,000ದಂತೆ 48,000. ತೂಕದ ಯಂತ್ರ 12,000. ಎರಡು ದಿನದ ತರಬೇತಿ 15,000. ಒಟ್ಟು 2,90,000. ಪ್ರತಿ ಸಾಲಿನ ಹಿಂದೆ ಕೊಟೇಶನ್ ಇರಬೇಕು. ‘ಇತರೆ ಖರ್ಚು’ ಅಂತ ದೊಡ್ಡ ಮೊತ್ತ ಹಾಕಿದ್ರೆ ಓದುವವರ ಕಣ್ಣು ಮೊದಲು ಬೀಳೋದು ಅಲ್ಲಿಗೇ.

ಸಂಘದ ಪಾಲು ಎಷ್ಟು ಅನ್ನೋದನ್ನೂ ಬರೆಯಿರಿ. ಜಾಗ, ಕೂಲಿ ಕೆಲಸ, 10% ನಗದು, ಏನೇ ಆಗಲಿ. ಇದು ಬರೀ ತೋರಿಕೆಗಲ್ಲ. ತಾನೂ ದುಡ್ಡು ಹಾಕಿದ ಶೆಡ್ಡಿನ ಶೀಟು ಹಾರಿಹೋದ್ರೆ ಸದಸ್ಯ ಓಡಿಬರ್ತಾನೆ.

ಕೊನೆಗೆ ಫಲ ಏನು ಅನ್ನೋದನ್ನ ಅಳೆಯೋ ಹಾಗೆ ಬರೆಯಿರಿ. ‘ರೈತರ ಜೀವನಮಟ್ಟ ಸುಧಾರಿಸುವುದು’ ಅಂದ್ರೆ ಯಾರೂ ಅಳೆಯೋಕಾಗಲ್ಲ. ‘ವಾಪಸ್ ಬರುವ ಮಾಲನ್ನು ಒಂದು ವರ್ಷದಲ್ಲಿ 15%ರಿಂದ 7.5%ಗೆ ಇಳಿಸ್ತೀವಿ, ಅದೇ ನೋಟ್‌ಬುಕ್ಕಲ್ಲಿ ವಾರವಾರ ಬರೆದಿಡ್ತೀವಿ’ ಅನ್ನಿ. ನಷ್ಟ ಅರ್ಧ ಇಳಿದರೆ ವಾರಕ್ಕೆ 6,300 ರೂಪಾಯಿ ಉಳಿತಾಯ. ಹಾಕಿದ 2,90,000 ಸುಮಾರು 46 ವಾರದಲ್ಲಿ ಬೆಳೆಗಾರರ ಕೈಗೆ ಮರಳುತ್ತೆ. ಈ ಒಂದು ಪ್ಯಾರಾ ನಲವತ್ತು ಪುಟಕ್ಕಿಂತ ಗಟ್ಟಿ.

‘ನಮಗೆ ಇಂಗ್ಲಿಷ್ ಬರಲ್ವಲ್ಲ’

ಈ ಮಾತು ನಿಜ, ಅದನ್ನ ಹಗುರವಾಗಿ ತಗೊಳ್ಳಲ್ಲ. ಕಂಪನಿಗಳಿಗೆ, ದೊಡ್ಡ ಫೌಂಡೇಶನ್‌ಗಳಿಗೆ ಹೆಚ್ಚಾಗಿ ಇಂಗ್ಲಿಷಲ್ಲೇ ಕೊಡಬೇಕು. ಆದ್ರೆ ಮೊದಲ ಕರಡು ಕನ್ನಡದಲ್ಲಿ ಇರಲಿ. ಫೋನಲ್ಲಿ ಮಾತಾಡಿದ್ರೆ ಟೈಪ್ ಆಗೋ ಸೌಲಭ್ಯ ಕನ್ನಡಕ್ಕೂ ಇದೆ. ಸಭೆಯಲ್ಲಿ ಓದಿ ಹೇಳಿ, ಅಕ್ಕಂದಿರು, ಹಿರಿಯರು ತಿದ್ದಲಿ. ಆಮೇಲೆ ಅನುವಾದ ಆಗಲಿ. ಅನುವಾದಕ್ಕೆ ದುಡ್ಡು ಕೊಡೋದು ತಪ್ಪಲ್ಲ, ಮಾಡಿದ ಕೆಲಸಕ್ಕೆ ಇಷ್ಟು ಅಂತ ಕೊಡಿ. ಮಂಜೂರಾದ ಅನುದಾನದಲ್ಲಿ ಪರ್ಸೆಂಟ್ ಕೇಳೋರಿಗೆ ಮಾತ್ರ ಕೈ ಮುಗಿಯಿರಿ. ಆ ಪರ್ಸೆಂಟ್ ಯಾವ ಬಜೆಟ್ ಸಾಲಿನಲ್ಲೂ ಬರೆಯೋಕಾಗಲ್ಲ. ಹಾಗಾಗಿ ಅದು ಕೊನೆಗೆ ಸುಳ್ಳು ಬಿಲ್ಲಾಗಿ ಹೊರಗೆ ಬರುತ್ತೆ. ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕೋದು ನೀವು, ಅವರಲ್ಲ.

ಕಾಗದಪತ್ರದ ಶಿಸ್ತು ಹಣ ಬರೋಕೆ ಮುಂಚೆಯೇ ಬೇಕು. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಆಡಿಟ್ ವರದಿ, ಪಾನ್, ಬ್ಯಾಂಕ್ ಪಾಸ್‌ಬುಕ್ ಇವನ್ನ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಲ್ಲಿ ಇಡಿ. ಕೊನೆ ದಿನಾಂಕದ ಹಿಂದಿನ ರಾತ್ರಿ ಸೈಬರ್ ಸೆಂಟರಿಗೆ ಓಡೋದು ತಪ್ಪುತ್ತೆ.

ಕೆಲವು ಹಣ ಬೇಡ ಅನ್ನಬೇಕು

ಅನುದಾನ ಕೊಡೋರಿಗೆ ಅವರದೇ ಆಸೆ ಇರುತ್ತೆ. ಈ ವರ್ಷ ಡ್ರೋನ್, ಮುಂದಿನ ವರ್ಷ ಆ್ಯಪ್. ನಿಮ್ಮ ನೋಟ್‌ಬುಕ್ಕಲ್ಲಿ ಇಲ್ಲದ ಸಮಸ್ಯೆಗೆ ಹಣ ಬಂದರೆ, ಸಂಘ ಅವರ ಕೆಲಸ ಮಾಡುತ್ತೆ, ನಮ್ಮದು ಹಾಗೇ ಉಳಿಯುತ್ತೆ. ಮೂರು ವರ್ಷ ಸಂಬಳ ಅನುದಾನದಿಂದ ಬಂದು ನಾಲ್ಕನೇ ವರ್ಷ ನಿಂತಾಗ ಕಚೇರಿ ಮುಚ್ಚಿದ ಎಫ್‌ಪಿಒಗಳನ್ನ ಹುಡುಕೋಕೆ ದೂರ ಹೋಗಬೇಕಿಲ್ಲ. ಹಾಗಾಗಿ ‘ಈ ಹಣ ನಿಂತ ಮೇಲೆ ಇದನ್ನ ಯಾರು, ಯಾವ ಆದಾಯದಿಂದ ನಡೆಸ್ತಾರೆ?’ ಅನ್ನೋ ಪ್ರಶ್ನೆಗೆ ಉತ್ತರ ಬರೆಯೋಕೆ ಆಗದಿದ್ರೆ ಅರ್ಜಿ ಹಾಕಬೇಡಿ. ಕೊಡೋರು ಕೇಳದಿದ್ರೂ ನೀವು ಕೇಳಿಕೊಳ್ಳಿ.

ಈ ವಾರ ಮಾಡಬಹುದಾದ ಕೆಲಸ ಇಷ್ಟೇ. ಒಂದು ನೋಟ್‌ಬುಕ್ ತಗೊಂಡು ನಿಮ್ಮ ಸಂಘದ ಒಂದೇ ಒಂದು ನಷ್ಟವನ್ನ ಏಳು ದಿನ ಅಳೆದು ಬರೆಯಿರಿ. ಮುಂದಿನ ಸಭೆಯಲ್ಲಿ ಆ ಅಂಕಿ ಓದಿ, ಇದನ್ನ ಕಡಿಮೆ ಮಾಡೋಕೆ ಏನು ಬೇಕು ಅಂತ ಎಲ್ಲರನ್ನೂ ಕೇಳಿ. ಬಂದ ಉತ್ತರಗಳನ್ನ ಒಂದು ಪುಟಕ್ಕೆ ಇಳಿಸಿ. ಅರ್ಧ ಉತ್ತರಗಳಿಗೆ ಅನುದಾನವೇ ಬೇಕಾಗಿರಲ್ಲ, ನಾಳೆಯಿಂದಲೇ ಮಾಡಬಹುದು. ಉಳಿದರ್ಧ ನಿಮ್ಮ ಪ್ರಪೋಸಲ್.