ದೊಡ್ಡಕ್ಷರವೂ ದೊಡ್ಡವರೂ

ನಮ್ಮ ತರಗತಿಗಳ ಇಂಗ್ಲಿಷ್ ಪ್ರಬಂಧಗಳನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂಬಲ್ಲಿ ಬಹುಮಂದಿ ‘ಫಾದರ್’ ಪದವನ್ನು ದೊಡ್ಡಕ್ಷರದಿಂದ ಆರಂಭಿಸುತ್ತಾರೆ. ಕೆಂಪು ಶಾಯಿ ಅದನ್ನು ಸುತ್ತುತ್ತದೆ. ಏಕೆಂಬುದು ಅಂಚಿನಲ್ಲಿ ಇರುವುದಿಲ್ಲ.

ವಿದ್ಯಾರ್ಥಿ ಹಾಗೇಕೆ ಬರೆದನೆಂದು ಊಹಿಸುವುದು ಕಷ್ಟವಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಗೌರವವನ್ನು ನಾವು ‘ತಂದೆಯವರು ಬಂದರು’ ಎಂದು ಬಹುವಚನದಿಂದ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ರಾಜನೂ ‘ಹೀ’, ಜವಾನನೂ ‘ಹೀ’. ದೇವರನ್ನು ಕುರಿತ ‘ಹೀ’ ಮಾತ್ರ ಕೆಲವರ ಬರಹದಲ್ಲಿ ದೊಡ್ಡಕ್ಷರ ಪಡೆಯುವುದನ್ನು ಕಂಡವನು, ಹೆತ್ತ ತಂದೆಗೂ ಅದು ಸಲ್ಲಲಿ ಎಂದುಕೊಂಡರೆ ಆಶ್ಚರ್ಯವೇನು?

ಆದರೆ ನಂಟರ ಪದಗಳಲ್ಲಿ ದೊಡ್ಡಕ್ಷರವು ಹೆಸರಿನ ಗುರುತು. ಮರ್ಯಾದೆಗೂ ಅದಕ್ಕೂ ಸಂಬಂಧವಿಲ್ಲ. ‘ಐ ಆಸ್ಕ್ಡ್ ಮದರ್’ ಎಂಬಲ್ಲಿ ಮದರ್ ತೆಗೆದು ಗೌರಿ ಎಂದಿಟ್ಟರೂ ವಾಕ್ಯ ನಿಲ್ಲುತ್ತದೆ, ಆದ್ದರಿಂದ ದೊಡ್ಡಕ್ಷರ. ‘ಐ ಆಸ್ಕ್ಡ್ ಮೈ ಮದರ್’ ಎಂಬಲ್ಲಿ ‘ಮೈ ಗೌರಿ’ ಎಂದರೆ ಸಹಜವಾಗಿ ಕೇಳದು, ಅಲ್ಲಿ ಚಿಕ್ಕಕ್ಷರ. ಸಂಬೋಧಿಸುವಾಗಲೂ, ‘ಅಂಕಲ್ ರಾಮು’ ಎಂದು ಹೆಸರಿಗೆ ಅಂಟಿ ಬಂದಾಗಲೂ ದೊಡ್ಡದೇ. ನಮ್ಮ ಅಜ್ಜಿ, ದೊಡ್ಡಪ್ಪಂದಿರನ್ನು ಇಂಗ್ಲಿಷ್ ವಾಕ್ಯಕ್ಕೆ ಕರೆದೊಯ್ದರೂ ಇದೇ ನಿಯಮ.

ಗೊಂದಲಕ್ಕೆ ಪತ್ರಲೇಖನವೂ ಕಾರಣವೆಂದು ನನ್ನ ಭಾವನೆ. ‘ಮೈ ಡಿಯರ್ ಫಾದರ್’ ಎಂಬ ಒಕ್ಕಣೆಯಲ್ಲಿ ‘ಮೈ’ ಇದ್ದರೂ ದೊಡ್ಡಕ್ಷರ ಬಳಸುವುದು ವಾಡಿಕೆ. ಅದನ್ನು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದವನಿಗೆ, ಅದು ಪತ್ರದ ತಲೆಗೆ ಮಾತ್ರ, ಒಡಲಿಗಲ್ಲ ಎಂದು ಹೇಳಿದವರು ಯಾರು?

ಇದು ಬುದ್ಧಿಯ ಕೊರತೆಯೆಂದು ನಗುವ ಗೆಳೆಯರಿದ್ದಾರೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಮುದ್ರಕರೇ ಸಾಮಾನ್ಯ ನಾಮಪದಗಳನ್ನು ಧಾರಾಳವಾಗಿ ದೊಡ್ಡಕ್ಷರದಿಂದ ಅಚ್ಚುಮಾಡುತ್ತಿದ್ದರು; ಜರ್ಮನ್ ಭಾಷೆಯಲ್ಲಿ ಇಂದಿಗೂ ನಾಮಪದಗಳೆಲ್ಲ ಹಾಗೆಯೇ. ಅವರನ್ನು ನೋಡಿ ಯಾರೂ ನಗಲಿಲ್ಲ.

ಇಂಗ್ಲಿಷ್ ಬಲ್ಲವರ ಮನೆಯ ಮಕ್ಕಳು ಇಂಥದನ್ನು ಊಟದ ಹೊತ್ತಿಗೆ ಕೇಳಿ ತಿಳಿಯುತ್ತಾರೆ. ನನ್ನಂತೆ ಮನೆಗೆ ಮೊದಲ ಪದವೀಧರರಾಗಹೊರಟವರಿಗೆ ಕೇಳುವ ಸ್ಥಳ ಕಾಲೇಜೊಂದೇ. ಅಧ್ಯಾಪಕ ಮಹನೀಯರು ಪ್ರಥಮ ವರ್ಷದ ಮೊದಲ ಪ್ರಬಂಧಕ್ಕೆ ಮುಂಚೆ ಕಾಲು ಗಂಟೆಯನ್ನು ಇದಕ್ಕೆ ಕೊಡಲಿ. ಅದಕ್ಕೂ ಬಿಡುವಿಲ್ಲದಿದ್ದರೆ, ಕೆಂಪು ಸುತ್ತಿನ ಪಕ್ಕದಲ್ಲಿ ‘ಹೆಸರೋ, ನಂಟೋ?’ ಎಂದು ಎರಡೇ ಪದ ಬರೆಯಲಿ.